ಕಾಣೆ ಮೀನಿನ ಬಾಟಲಿಯನ್ನು ಜಗತ್ತಿಗೆ ಓದಿಸುವ ಬಗೆ: ಸಣ್ಣ ಮ್ಯೂಸಿಯಂ ನೋಡಿಕೊಳ್ಳುವವರಿಗೆ

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಮ್ಯೂಸಿಯಂನಲ್ಲಿ, ಬಾಗಿಲ ಹಿಂದಿನ ಕಪಾಟಿನ ಕೆಳಗಿನ ಸಾಲಿನಲ್ಲಿ, ಒಂದು ಕಾಣೆ ಮೀನಿನ ಬಾಟಲಿ ಇದೆ. ಕಾಣೆ ಎಂದರೆ ಕಳೆದುಹೋದದ್ದಲ್ಲ, ನಮ್ಮ ಕಡಲಿನ ಒಂದು ಮೀನಿನ ಹೆಸರು. ಒಳಗೆ ಮೂರು ಮೀನು. ಒಂದರ ಬಾಲ ಸ್ವಲ್ಪ ಹರಿದಿದೆ. ಗಾಜಿಗೆ ಅಂಟಿಕೊಂಡಂತೆ ಒಂದು ಚೀಟಿ. ಇಂಡಿಯನ್ ಇಂಕಿನಲ್ಲಿ ಬರೆದದ್ದು: ‘ಸಿಲ್ಲಾಗೊ ಸಿಹಾಮಾ. ಮಲ್ಪೆ, ಸೌತ್ ಕೆನರಾ. 8-11-73. ರಂಪಣಿ.’ ಮೊದಲಿನದು ಕಾಣೆಯ ವೈಜ್ಞಾನಿಕ ಹೆಸರು, ಕೊನೆಯದು ದಡದಿಂದ ಎಳೆಯುವ ಒಂದು ಬಲೆ.

ಹತ್ತೊಂಬತ್ತು ವರ್ಷದಿಂದ ಆ ಕಪಾಟಿನ ಬೀಗದ ಕೈ ನನ್ನ ಹತ್ತಿರ ಇದೆ. ಮೊದಲ ಕೆಲವು ವರ್ಷ ನನಗೆ ಅದು ಪ್ರಾಕ್ಟಿಕಲ್ ಪರೀಕ್ಷೆಯ ಸ್ಪಾಟರ್ ಮಾತ್ರ ಆಗಿತ್ತು. ಮಕ್ಕಳು ಬಂದು ಹೆಸರು ಬರೆದು, ಮುಂದಿನ ಬಾಟಲಿಗೆ ಹೋಗುತ್ತಿದ್ದರು. ಈ ಊರಿನ ಕಡಲಿನ ಐವತ್ತು ವರ್ಷದ ಹಿಂದಿನ ಒಂದು ದಿನ ಅದರೊಳಗೆ ಇದೆ ಎಂದು ನನಗೆ ಹೊಳೆದದ್ದು ತಡವಾಗಿ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಕಾಲೇಜುಗಳಲ್ಲಿ ಇಂಥ ಕಪಾಟುಗಳಿವೆ. ಅವುಗಳನ್ನು ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪ್ರಕಟಣೆ ಎಂದ ಕೂಡಲೇ ನಾವು ದೊಡ್ಡ ಸಂಶೋಧನಾ ಲೇಖನ ಎಂದುಕೊಳ್ಳುತ್ತೇವೆ. ದೊಡ್ಡ ಮ್ಯೂಸಿಯಂಗಳು ಅದನ್ನು ಎರಡು ಶತಮಾನದಿಂದ ಮಾಡುತ್ತಾ ಬಂದಿವೆ. ಪ್ಯಾರಿಸ್ಸಿನ ಮ್ಯೂಸಿಯಂ ತನ್ನ ವಾರ್ಷಿಕ ಸಂಪುಟಗಳನ್ನು ಶುರು ಮಾಡಿದ್ದು 1802ರಲ್ಲಿ. ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂ 1907ರಿಂದ ತನ್ನದೇ ಪತ್ರಿಕೆ ತಂದಿತು. ಆದರೆ ನಮ್ಮಂಥವರ ಮಟ್ಟಿಗೆ ಪ್ರಕಟಣೆ ಎಂದರೆ ಇಷ್ಟು: ಈ ಬಾಟಲಿ ಇಲ್ಲಿದೆ ಎಂದು ದೂರದವರಿಗೆ ಗೊತ್ತಾಗಬೇಕು. ಅವರು ನಂಬರ್ ಹಿಡಿದು ಅದನ್ನು ಕೇಳುವಂತಿರಬೇಕು. ನಾವು ತಪ್ಪು ಬರೆದಿದ್ದರೆ ತಪ್ಪು ಎಂದು ತೋರಿಸುವಂತಿರಬೇಕು. ಈಗ ಇದಕ್ಕೆ ಪ್ರೆಸ್ ಬೇಡ, ದುಡ್ಡೂ ಹೆಚ್ಚು ಬೇಡ. ತಾಳ್ಮೆ ಬೇಕು.

ತಡ ಮಾಡಬೇಡಿ ಎನ್ನುವುದಕ್ಕೆ ಕಾರಣ ಇದೆ. 2016ರ ಏಪ್ರಿಲ್ 26ರಂದು ದೆಹಲಿಯ ನೈಸರ್ಗಿಕ ಇತಿಹಾಸ ಮ್ಯೂಸಿಯಂಗೆ ಬೆಂಕಿ ಬಿತ್ತು. 2018ರ ಸೆಪ್ಟೆಂಬರ್ 2ರಂದು ಬ್ರೆಜಿಲ್ ದೇಶದ ರಿಯೊ ನಗರದ ನ್ಯಾಷನಲ್ ಮ್ಯೂಸಿಯಂ ಹೊತ್ತಿ ಉರಿಯಿತು. ಅಲ್ಲಿ ಬೂದಿಯಾದ ಮಾದರಿಗಳ ಬಗ್ಗೆ ಇವತ್ತು ಉಳಿದಿರುವುದು ಯಾರೋ ಬರೆದಿಟ್ಟದ್ದು, ಫೋಟೋ ತೆಗೆದಿಟ್ಟದ್ದು ಮಾತ್ರ. ನಮ್ಮ ಕಡೆ ಬೆಂಕಿಯೇ ಬೇಕಿಲ್ಲ. ಮಳೆಗಾಲದ ಬೂಸ್ಟು ಸಾಕು.

ಚೀಟಿಯಿಂದ ಶುರು ಮಾಡಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಕಪಾಟಿನ ಮುಂದೆ ಕೂರಿ. ಪ್ರತಿ ಬಾಟಲಿಗೂ ಒಂದು ನಂಬರ್ ಕೊಡಿ. ಕಾಲೇಜಿನ ಹೆಸರಿನ ಮೂರು ಅಕ್ಷರ, ಗುಂಪಿಗೆ ಒಂದು ಅಕ್ಷರ, ಆಮೇಲೆ ಅಂಕಿ. ನಮ್ಮ ಕಾಣೆ ಬಾಟಲಿಯ ಅಂಕಿ 0212. ಈ ನಂಬರ್ ಒಮ್ಮೆ ಕೊಟ್ಟರೆ ಮುಗಿಯಿತು. ನಾಳೆ ಬಾಟಲಿ ಒಡೆದುಹೋದರೂ ಆ ನಂಬರನ್ನು ಇನ್ನೊಂದಕ್ಕೆ ಕೊಡಬಾರದು. ಮುಂದೆ ಯಾರಾದರೂ ತಮ್ಮ ಲೇಖನದಲ್ಲಿ ಬರೆಯುವುದು ಈ ನಂಬರನ್ನೇ.

ಹಳೆಯ ಚೀಟಿಯನ್ನು ಮಾತ್ರ ತೆಗೆಯಬೇಡಿ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಶುರುವಿನಲ್ಲಿ ಉತ್ಸಾಹದಿಂದ ಒಂದು ಸಾಲಿನ ಬಾಟಲಿಗಳ ಹಳೇ ಚೀಟಿ ತೆಗೆದು, ಲೇಸರ್ ಪ್ರಿಂಟರಿನಲ್ಲಿ ಹೊಸ ಚೀಟಿ ಮಾಡಿ ಒಳಗೆ ಇಳಿಸಿದೆ. ನೋಡಲು ಚಂದ ಇತ್ತು. ಎರಡು ವರ್ಷದಲ್ಲಿ ಆಲ್ಕೋಹಾಲಿಗೆ ಸಿಕ್ಕಿ ಅಕ್ಷರಗಳು ಕಾಗದ ಬಿಟ್ಟು ಎದ್ದವು. ಬಾಟಲಿಯ ತಳದಲ್ಲಿ ಕರಿ ಪುಡಿ, ಮೇಲೆ ಖಾಲಿ ಕಾಗದ. ಹಳೇ ಚೀಟಿಗಳನ್ನು ನಾನು ಎಸೆದಾಗಿತ್ತು. ಹನ್ನೊಂದು ಬಾಟಲಿಗಳ ಊರು, ದಿನ ಎಲ್ಲ ಹೋಯಿತು. ಅವು ಈಗ ಬರೀ ಮೀನುಗಳು. ಇವತ್ತಿಗೂ ಆ ಸಾಲಿನ ಮುಂದೆ ನಿಂತರೆ ಸಂಕಟ ಆಗುತ್ತದೆ.

ಹಾಗಾಗಿ ಹೊಸ ಚೀಟಿ ಬೇಕಾದರೆ ದಪ್ಪ ಹತ್ತಿ ಕಾಗದದ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆಯಿರಿ. ಪೆನ್ಸಿಲ್ ಆದರೂ ಅಡ್ಡಿಯಿಲ್ಲ, ಅದು ಅಳಿಯುವುದಿಲ್ಲ. ಬಾಲ್ ಪೆನ್ನು ಬೇಡ. ಹೊಸದನ್ನು ಹಳೆಯದರ ಪಕ್ಕದಲ್ಲೇ ಇಳಿಸಿ. ಸ್ಟಾಕ್ ರಿಜಿಸ್ಟರನ್ನೂ ತೆಗೆದು ನೋಡಿ. ನಮ್ಮದರಲ್ಲಿ ಬಾಟಲಿಯ ಬೆಲೆ ಪೈಸೆ ಸಮೇತ ಇದೆ, ಮೀನು ಎಲ್ಲಿಯದು ಎಂದು ಒಂದು ಮಾತಿಲ್ಲ. ಆದರೂ ಯಾವ ವರ್ಷ ಕಪಾಟಿಗೆ ಬಂತು ಎನ್ನುವುದು ಅಲ್ಲಿಂದ ಸಿಗುತ್ತದೆ. ಹಳೇ ಬಾಟಲಿಗಳಲ್ಲಿ ಜಾಸ್ತಿ ಇರುವುದು ಫಾರ್ಮಲಿನ್, ಕಣ್ಣು ಮೂಗು ಉರಿಸುವ ದ್ರಾವಣ. ಕಿಟಕಿ ತೆರೆದು, ಗ್ಲೌಸ್ ಹಾಕಿಕೊಂಡೇ ಮುಚ್ಚಳ ತೆಗೆಯಿರಿ.

ಶೀಟಿನಲ್ಲಿ ತುಂಬುವುದು

ಈಗ ಕಂಪ್ಯೂಟರ್. ಸಾಧಾರಣ ಸ್ಪ್ರೆಡ್‌ಶೀಟ್ ಸಾಕು. ಒಂದು ಬಾಟಲಿಗೆ ಒಂದು ಸಾಲು. ಕಾಲಮ್ಮುಗಳ ಹೆಸರನ್ನು ಮಾತ್ರ ನಿಮ್ಮಿಷ್ಟಕ್ಕೆ ಇಡಬೇಡಿ. ಜಗತ್ತಿನ ಮ್ಯೂಸಿಯಂಗಳೆಲ್ಲ ಬಳಸುವ ‘ಡಾರ್ವಿನ್ ಕೋರ್’ ಎಂಬ ಪಟ್ಟಿ ಇದೆ. 2009ರಿಂದ ಅದೇ ಎಲ್ಲರೂ ಒಪ್ಪಿದ ಮಾನದಂಡ. ಅದರಲ್ಲಿ ನೂರಕ್ಕೂ ಹೆಚ್ಚು ಹೆಸರುಗಳಿವೆ. ನೋಡಿ ಗಾಬರಿಯಾಗಬೇಡಿ. ನಾಲ್ಕು ಕಡ್ಡಾಯ: ಎಂದೂ ಬದಲಾಗದ ಗುರುತು ನಂಬರ್, ಇದು ಸಂಗ್ರಹದ ಮಾದರಿಯೋ ಸುಮ್ನೆ ಕಣ್ಣಿಗೆ ಕಂಡದ್ದೋ ಎನ್ನುವುದು, ವೈಜ್ಞಾನಿಕ ಹೆಸರು, ದಿನಾಂಕ. ಉಳಿದದ್ದು ಗೊತ್ತಿದ್ದಷ್ಟು ತುಂಬಿ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ.

ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಲು ಒಂದು ಕಾಲಮ್, ನೀವು ಅರ್ಥ ಮಾಡಿಕೊಂಡದ್ದನ್ನು ಬರೆಯಲು ಇನ್ನೊಂದು ಕಾಲಮ್. ಈ ಪದ್ಧತಿ ನನಗೆ ಬಹಳ ಇಷ್ಟ. ಚೀಟಿಯಲ್ಲಿ ‘ಸೌತ್ ಕೆನರಾ’ ಎಂದಿದೆ. ಅದನ್ನು ಹಾಗೇ ಇಡಬೇಕು. ಪಕ್ಕದ ಕಾಲಮ್ಮಿನಲ್ಲಿ ಉಡುಪಿ ಜಿಲ್ಲೆ ಎಂದು ಬರೆಯಬೇಕು. ಸೌತ್ ಕೆನರಾ ಎಂದರೆ ದಕ್ಷಿಣ ಕನ್ನಡ. ಉಡುಪಿ ಅದರಿಂದ ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1973ರ ಮನುಷ್ಯ ತಪ್ಪು ಬರೆದಿಲ್ಲ, ಅಲ್ವಾ?

ಇನ್ನು ದಿನಾಂಕ. 8-11-73 ಅಂದರೆ ನವೆಂಬರ್ 8 ಇರಬಹುದು, ಅಮೆರಿಕದವರ ಹಾಗೆ ಓದಿದರೆ ಆಗಸ್ಟ್ 11. ದೂರದವರಿಗೆ ಇದು ಗೊತ್ತಾಗುವುದಿಲ್ಲ. ನಮಗೆ ಗೊತ್ತಾಗುತ್ತದೆ. ಆಗಸ್ಟ್ 11 ಎಂದರೆ ಆಟಿ ತಿಂಗಳು, ತುಳುನಾಡಿನ ಜೋರು ಮಳೆಗಾಲ. ಆಟಿಯ ಕಡಲಿಗೆ ಯಾರು ರಂಪಣಿ ಹಾಕುತ್ತಾರೆ? ಹಾಗಾಗಿ ಇದು ನವೆಂಬರೇ. ಶೀಟಿನಲ್ಲಿ 1973-11-08 ಎಂದು, ವರ್ಷ ಮೊದಲು ಇಟ್ಟು ಬರೆದೆ. ಯಾಕೆ ಹಾಗೆ ಓದಿದೆ ಎನ್ನುವುದನ್ನು ಟಿಪ್ಪಣಿ ಕಾಲಮ್ಮಿನಲ್ಲಿ ಒಂದು ಸಾಲು ಹಾಕಿದೆ. ದಿನಾಂಕದ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಎಕ್ಸೆಲ್ ತನ್ನಷ್ಟಕ್ಕೆ ದಿನಾಂಕವನ್ನು ತಿರುಗಿಸಿಬಿಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಚೀಟಿಯ ಕೊನೆಯ ಪದ ‘ರಂಪಣಿ’. ನನಗೆ ಇಡೀ ಚೀಟಿಯಲ್ಲಿ ಅತಿ ಬೆಲೆಬಾಳುವ ಪದ ಅದೇ. ರಂಪಣಿ ಬಲೆಯನ್ನು ದೋಣಿಯಲ್ಲಿ ಅರ್ಧ ಚಂದ್ರದ ಹಾಗೆ ಬಿಟ್ಟುಕೊಂಡು ಬಂದು, ದಡದಲ್ಲಿ ಎರಡೂ ಕಡೆ ಜನ ನಿಂತು ಎಳೆಯುತ್ತಿದ್ದರು. ಅಂದರೆ ಈ ಮೂರು ಮೀನು ಮಲ್ಪೆಯ ದಡದ ಹತ್ತಿರವೇ ಇದ್ದವು. ಅದೇ ‘ಮಲ್ಪೆ ಬಂದರು, ಟ್ರಾಲರ್’ ಎಂದಿದ್ದರೆ ಕಥೆ ಬೇರೆ. ಬೋಟು ಎಲ್ಲಿಂದ ಹಿಡಿದು ತಂದಿತೋ ಹೇಳಲಾಗದು. ಬಂದರು ಅದನ್ನು ಇಳಿಸಿದ ಜಾಗ ಮಾತ್ರ. ಮ್ಯಾಪಿನಲ್ಲಿ ಚುಕ್ಕಿ ಇಡುವಾಗ ‘ಎಷ್ಟು ಮೀಟರ್ ಆಚೀಚೆ ಇರಬಹುದು’ ಎಂದು ಬರೆಯುವ ಕಾಲಮ್ ಇದೆ. ರಂಪಣಿಯ ಕಾಣೆಗೆ ನಾನು 5000 ಎಂದು ಬರೆದೆ. ಟ್ರಾಲರಿನ ಮೀನಿಗೆ ಅದರ ಹತ್ತಾರು ಪಟ್ಟು ಬರೆಯಬೇಕು. ಎಪ್ಪತ್ತರ ದಶಕದಲ್ಲಿ, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿ ಕಡಿಮೆಯಾಗುತ್ತಾ ಹೋಯಿತು. ಈಗ ಅಲ್ಲಲ್ಲಿ ಕೈರಂಪಣಿ ಕಾಣುತ್ತದೆ. ಹಿಡಿದ ವಿಧಾನಕ್ಕೆ ಒಂದು ಕಾಲಮ್ ಇದೆ. ಅಲ್ಲಿ ‘ರಂಪಣಿ’ ಎಂದೇ ಬರೆದು, ದಡದಿಂದ ಎಳೆಯುವ ಬಲೆ ಎಂದು ಇಂಗ್ಲಿಷಿನಲ್ಲಿ ವಿವರಣೆ ಕೊಡಿ. ನಮ್ಮ ಪದ ಹೋಗಬಾರದು. ಸ್ಥಳೀಯ ಹೆಸರಿನ ಕಾಲಮ್ಮಿನಲ್ಲಿ ಕಾಣೆ ಎಂದು ಬರೆದು, ಭಾಷೆ ತುಳು ಎಂದೂ ನಮೂದಿಸಿ.

ಮಲ್ಪೆಯ ಅಕ್ಷಾಂಶ ಸುಮಾರು 13.35, ರೇಖಾಂಶ 74.70. ಇವೆರಡು ಅದಲುಬದಲಾದರೆ ಮೀನು ನಾರ್ವೆಯ ಉತ್ತರದ ಹಿಮದ ಕಡಲಿಗೆ ಹೋಗಿ ಬೀಳುತ್ತದೆ. ಇದು ಬಹಳ ಸಾಮಾನ್ಯವಾದ ತಪ್ಪು. ತುಂಬಿದ ಮೇಲೆ ಎಲ್ಲ ಸಾಲುಗಳನ್ನೂ ಒಮ್ಮೆ ಮ್ಯಾಪಿನ ಮೇಲೆ ಹಾಕಿ ನೋಡಿ.

ಫೋಟೋಗೆ ಒಳ್ಳೆಯ ಮೊಬೈಲ್ ಸಾಕು. ಮೀನನ್ನು ಬಿಳಿ ಟ್ರೇಯಲ್ಲಿಟ್ಟು, ತಲೆ ಎಡಕ್ಕೆ ಬರುವಂತೆ ಮಲಗಿಸಿ. ಪಕ್ಕದಲ್ಲಿ ಸ್ಕೇಲ್, ನಂಬರಿನ ಚೀಟಿ. ಚೀಟಿಯದ್ದೇ ಬೇರೆ ಫೋಟೋ, ಎರಡೂ ಬದಿ. ಫೈಲಿನ ಹೆಸರು ಬಾಟಲಿಯ ನಂಬರೇ ಆಗಿರಲಿ. ಈ ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ತೆರೆದಿಟ್ಟ ಕಾಗದ ಒಂದೇ ವಾರದಲ್ಲಿ ಬೂಸ್ಟು ಹಿಡಿಯುತ್ತದೆ.

ಎಲ್ಲಿ ಹಾಕುವುದು?

ಕಾಲೇಜಿನ ವೆಬ್‌ಸೈಟಿನಲ್ಲಿ ಹಾಕಿದರೆ ಸಾಲದು. ಹಿಂದೊಮ್ಮೆ ಚಿಪ್ಪುಗಳ ಪಟ್ಟಿ ಮಾಡಿ ಅಂಥ ಒಂದು ಸೈಟಿನಲ್ಲಿ ಹಾಕಿದ್ದೆವು. ಸೈಟ್ ಮಾಡುವವರು ಬದಲಾದರು, ಪಟ್ಟಿ ಮಾಯವಾಯಿತು. ನಮ್ಮ ಹತ್ತಿರ ಬೇರೆ ಪ್ರತಿ ಇರಲಿಲ್ಲ.

ಮಾದರಿಗಳ ಪಟ್ಟಿ ಹಾಕಬೇಕಾದ ಜಾಗ ಜಿಬಿಐಎಫ್. ಜಗತ್ತಿನ ಮ್ಯೂಸಿಯಂಗಳ ದಾಖಲೆಗಳನ್ನು ಒಂದೇ ಕಡೆ ಹುಡುಕುವಂತೆ ಮಾಡಿದ ವ್ಯವಸ್ಥೆ ಇದು. 2001ರಲ್ಲಿ ಶುರುವಾಯಿತು. ಕಚೇರಿ ಕೋಪನ್‌ಹೇಗನ್‌ನಲ್ಲಿ. ದುಡ್ಡು ಕೊಡಬೇಕಿಲ್ಲ. ನೋಂದಣಿ ವ್ಯಕ್ತಿಯ ಹೆಸರಿನಲ್ಲಿ ಅಲ್ಲ, ಸಂಸ್ಥೆಯ ಹೆಸರಿನಲ್ಲಿ ಆಗಬೇಕು. ಹಾಗಾಗಿ ಮೊದಲು ಪ್ರಿನ್ಸಿಪಾಲರ ಒಪ್ಪಿಗೆ ಪತ್ರ ಮಾಡಿಸಿಕೊಳ್ಳಿ. ಅರ್ಜಿಯನ್ನು ಅವರು ಪರಿಶೀಲಿಸಿ ಒಪ್ಪುತ್ತಾರೆ. ಇದಕ್ಕೆ ಸ್ವಲ್ಪ ಸಮಯ ಹಿಡಿಯುತ್ತದೆ. ನಿಮ್ಮದೇ ಸರ್ವರ್ ಬೇಕು ಎಂದೇನಿಲ್ಲ. ಪಟ್ಟಿಯನ್ನು ಜಿಬಿಐಎಫ್‌ಗೆ ತಲುಪಿಸುವ ಐಪಿಟಿ ಎಂಬ ಸಾಧನ ನಡೆಸುವ ಬೇರೆ ಸಂಸ್ಥೆಯಲ್ಲಿ ಜಾಗ ಕೇಳಬಹುದು. ಹಾಕುವ ಮೊದಲು ಅವರದೇ ಪರೀಕ್ಷಕ ಪುಟಕ್ಕೆ ಫೈಲ್ ಕೊಡಿ. ಖಾಲಿ ಬಿಟ್ಟದ್ದು, ಊರು ತಪ್ಪಿದ್ದು, ದಿನಾಂಕ ಹಾಳಾದದ್ದು ಎಲ್ಲವನ್ನೂ ಅದು ತೋರಿಸಿಕೊಡುತ್ತದೆ.

ಪ್ರಕಟವಾದ ಕೂಡಲೇ ನಿಮ್ಮ ಪಟ್ಟಿಗೆ ಒಂದು ಡಿಒಐ ಸಿಗುತ್ತದೆ. ಅದೊಂದು ಶಾಶ್ವತ ವಿಳಾಸ. ಯಾರಾದರೂ ನಿಮ್ಮ ಸಾಲುಗಳನ್ನು ಬಳಸಿ ಲೇಖನ ಬರೆದು ಡಿಒಐ ಉಲ್ಲೇಖಿಸಿದರೆ, ಅದು ನಿಮ್ಮ ಸಂಗ್ರಹದ ಪುಟದಲ್ಲಿ ಕಾಣುತ್ತದೆ. ಕಪಾಟಿಗೆ ಅನುದಾನ ಕೇಳುವಾಗ ಆಡಳಿತ ಮಂಡಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಲೈಸೆನ್ಸ್ ಮೂರು ಬಗೆ: ಯಾವ ಷರತ್ತೂ ಇಲ್ಲದ್ದು, ಹೆಸರು ಹೇಳಿ ಬಳಸಿ ಎನ್ನುವುದು, ಹೆಸರು ಹೇಳಿ ಆದರೆ ವ್ಯಾಪಾರಕ್ಕೆ ಬೇಡ ಎನ್ನುವುದು. ನಾನು ಎರಡನೆಯದನ್ನು ಆರಿಸಿಕೊಂಡೆ. ಮೂರನೆಯದು ಸುರಕ್ಷಿತ ಅನ್ನಿಸುತ್ತದೆ. ಆದರೆ ಎಷ್ಟೋ ಒಳ್ಳೆಯ ಬಳಕೆಗೂ ಅದು ಅಡ್ಡ ಬರುತ್ತದೆ.

ಫೋಟೋಗಳು, ಸ್ಕ್ಯಾನ್ ಮಾಡಿದ ರಿಜಿಸ್ಟರ್, ಹಳೇ ಕಿರುಪುಸ್ತಕಗಳು ಇವಕ್ಕೆ ಜೆನೊಡೊ ಒಳ್ಳೆಯದು. ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ 2013ರಿಂದ ನಡೆಸುತ್ತಿರುವ ಉಚಿತ ಭಂಡಾರ ಅದು. ಅಲ್ಲೂ ಡಿಒಐ ಸಿಗುತ್ತದೆ. ಮುಂದೆ ತಿದ್ದಿದ ಪ್ರತಿ ಹಾಕಿದರೆ ಹಳೆಯದೂ ಉಳಿಯುತ್ತದೆ.

ಒಂದು ಎಚ್ಚರಿಕೆ. ಕಪಾಟಿನಲ್ಲಿ ಆಮೆ ಚಿಪ್ಪು, ಕಡಲ ಕುದುರೆ, ಕಡಲ ಸೌತೆ ಇದ್ದರೆ ಅವು 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಜೀವಿಗಳು. ಕಾಗದಪತ್ರ ಸರಿ ಇದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿ ಸರಿಮಾಡಿಕೊಳ್ಳಿ. ಕದ್ದು ಮಾರುವವರು ಹುಡುಕುವ ಪ್ರಾಣಿಗಳ ನಿಖರ ಜಾಗ ಹಾಕಬೇಡಿ. ಜಿಲ್ಲೆ ಮಟ್ಟಕ್ಕೆ ನಿಲ್ಲಿಸಿ, ಬೇಕೆಂದೇ ಮಸುಕು ಮಾಡಿದ್ದೇವೆ ಎಂದು ಬರೆಯಿರಿ.

ಲೇಖನ, ಪತ್ರಿಕೆ, ಹೊಸ ಹೆಸರು

ಪಟ್ಟಿ ಹೊರಬಂದ ಮೇಲೆ ಅದರ ಬಗ್ಗೆಯೇ ಒಂದು ‘ಡೇಟಾ ಪೇಪರ್’ ಬರೆಯಬಹುದು. ಸಂಗ್ರಹ ಹೇಗೆ ಆಯಿತು, ಯಾರು ಗುರುತಿಸಿದರು, ಏನು ಕೊರತೆ ಇದೆ ಎಂದು ವಿವರಿಸುವ ಲೇಖನ ಇದು. ಹೊಸ ಸಿದ್ಧಾಂತ ಬೇಕಿಲ್ಲ. ಬಯೋಡೈವರ್ಸಿಟಿ ಡೇಟಾ ಜರ್ನಲ್ 2013ರಿಂದ ಇಂಥವನ್ನು ತರುತ್ತಿದೆ. ನಮ್ಮ ಹತ್ತಿರದ್ದೇ ಬೇಕು ಎಂದರೆ ಕೊಯಮತ್ತೂರಿನಿಂದ ಬರುವ ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ ಇದೆ. ಎಲ್ಲರೂ ಉಚಿತವಾಗಿ ಓದಬಹುದು. ಯುರೋಪಿನ ಹಲವು ಮ್ಯೂಸಿಯಂಗಳು ಕೂಡಿ 2011ರಲ್ಲಿ ಯುರೋಪಿಯನ್ ಜರ್ನಲ್ ಆಫ್ ಟ್ಯಾಕ್ಸಾನಮಿ ಶುರು ಮಾಡಿದವು. ಅಲ್ಲಿ ಓದುವವರಿಗೂ ಖರ್ಚಿಲ್ಲ, ಬರೆಯುವವರಿಗೂ ಖರ್ಚಿಲ್ಲ. ಮ್ಯೂಸಿಯಂಗಳು ಹೀಗೆ ಕೂಡಿ ಪತ್ರಿಕೆ ನಡೆಸುವುದು ನನಗೆ ಸರಿಯಾದ ದಾರಿ ಅನ್ನಿಸುತ್ತದೆ. ಕರಾವಳಿಯ ನಾಲ್ಕು ಕಾಲೇಜುಗಳೂ ಸೇರಿ ಒಂದು ಪಟ್ಟಿ ತರಬಹುದು.

‘ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ರೂಪಾಯಿ ಕಳಿಸಿ’ ಎಂಬ ಇಮೇಲ್ ಬಂದರೆ ಉತ್ತರ ಕೊಡಬೇಡಿ. ನನ್ನ ವಿದ್ಯಾರ್ಥಿನಿಯೊಬ್ಬಳು ದುಡ್ಡು ಕಟ್ಟಿ ಲೇಖನ ಕೊಟ್ಟಳು. ವರ್ಷದೊಳಗೆ ಆ ಪತ್ರಿಕೆಯೇ ಇರಲಿಲ್ಲ. ಉಚಿತವಾಗಿ ಓದಬಹುದಾದ ಪತ್ರಿಕೆಗಳನ್ನು ಪರಿಶೀಲಿಸಿ ಸೇರಿಸುವ ಡಿಒಎಜೆ ಪಟ್ಟಿಯಲ್ಲಿ ಆ ಪತ್ರಿಕೆ ಇದೆಯೇ, ಸಂಪಾದಕ ಮಂಡಳಿಯಲ್ಲಿ ಇರುವವರು ನಿಜವಾಗಿ ಈ ಕ್ಷೇತ್ರದವರೇ ಎಂದು ನೋಡಿಕೊಳ್ಳಿ.

ನಿಮ್ಮದೇ ಬುಲೆಟಿನ್ ತರುವ ಆಸೆ ಇದ್ದರೆ ಪತ್ರಿಕೆಗಳಿಗೆ ಕೊಡುವ ಐಎಸ್‌ಎಸ್‌ಎನ್ ಎಂಬ ಗುರುತು ನಂಬರ್ ನಮ್ಮ ದೇಶದಲ್ಲಿ ಉಚಿತ. ಮುದ್ರಿತ ಪ್ರತಿಗೆ ಒಂದು, ಆನ್‌ಲೈನಿಗೆ ಇನ್ನೊಂದು.

ಹೊಸ ಪ್ರಭೇದ ಸಿಕ್ಕಿದೆ ಅನ್ನಿಸಿದರೆ ಮಾತ್ರ ಅವಸರ ಮಾಡಬೇಡಿ. ನಮ್ಮೂರಲ್ಲಿ ಇದು ಆಗದ ಮಾತಲ್ಲ. ಮಂಗಳೂರು ನಗರದಲ್ಲೇ ಸಿಕ್ಕಿದ ಒಂದು ಪುಟ್ಟ ಕಪ್ಪೆಗೆ 2018ರಲ್ಲಿ ಮೈಕ್ರೊಹೈಲಾ ಕೊಡಿಯಾಲ್ ಎಂದು ಹೆಸರಿಟ್ಟರು. ಮಂಗಳೂರಿಗೆ ಕೊಂಕಣಿಯಲ್ಲಿ ಇರುವ ಹೆಸರು ಕೊಡಿಯಾಲ ಅಲ್ಲಿ ಉಳಿದುಕೊಂಡಿತು. ಆದರೆ ಹೆಸರು ನಿಲ್ಲಬೇಕಾದರೆ ನಿಯಮ ಇದೆ. ಮೊದಲು ಮುದ್ರಿತ ಕಾಗದವೇ ಬೇಕಿತ್ತು. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಸಂಹಿತೆಗೆ 2012ರಲ್ಲಿ ತಿದ್ದುಪಡಿ ಬಂದ ಮೇಲೆ ಆನ್‌ಲೈನ್ ಪ್ರಕಟಣೆಯೂ ನಡೆಯುತ್ತದೆ. ಷರತ್ತು ಏನೆಂದರೆ, ಆ ಲೇಖನ ಪ್ರಕಟವಾಗುವ ಮೊದಲೇ ಪ್ರಾಣಿಗಳ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿ ಆಗಿರಬೇಕು. ಆಗಿದೆ ಎಂಬ ಗುರುತು ಲೇಖನದೊಳಗೇ ಇರಬೇಕು. ಪ್ರಕಟಣೆಯ ದಿನಾಂಕವೂ ಅದರಲ್ಲಿ ಇರಬೇಕು. ಇದ್ಯಾವುದೂ ಇಲ್ಲದೆ ಬರೀ ಆನ್‌ಲೈನಿನಲ್ಲಿ ಹೆಸರಿಟ್ಟರೆ ಲೆಕ್ಕಕ್ಕೆ ಬರುವುದಿಲ್ಲ. ಕಾಲೇಜಿನ ಸ್ಮರಣ ಸಂಚಿಕೆಯಲ್ಲಿ ಹೆಸರಿಡುವುದಂತೂ ಬೇಡವೇ ಬೇಡ. ಜೊತೆಗೆ 2002ರ ಜೈವಿಕ ವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಭಂಡಾರಕ್ಕೆ ಒಪ್ಪಿಸಬೇಕು. ಕೋಲ್ಕತ್ತಾದ ಝೂಲಾಜಿಕಲ್ ಸರ್ವೆ ಅಂಥದ್ದೊಂದು. ನಮ್ಮ ಕಪಾಟಿನಲ್ಲೇ ಇಟ್ಟುಕೊಳ್ಳುವ ಆಸೆ ನನಗೂ ಅರ್ಥವಾಗುತ್ತದೆ. ಆದರೂ ಕೊಟ್ಟುಬಿಡಿ.

ಹಳೇ ಪುಸ್ತಕ ನೋಡಬೇಕಾದರೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಗೆ ಹೋಗಿ. ಮ್ಯೂಸಿಯಂ ಗ್ರಂಥಾಲಯಗಳು ಸೇರಿ ಕೋಟಿಗಟ್ಟಲೆ ಪುಟ ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿವೆ. ಕಾಣೆಗೆ ‘ಸಿಹಾಮಾ’ ಎಂಬ ಹೆಸರು ಬಂದದ್ದು ಫೋರ್ಸ್ಕಾಲ್ ಎಂಬ ನಿಸರ್ಗ ವಿಜ್ಞಾನಿಯ ಬರಹದಿಂದ. ಅವನು ಕೆಂಪು ಸಮುದ್ರದ ಮೀನುಗಳನ್ನು ನೋಡಿ ಬರೆದಿಟ್ಟ. 1763ರಲ್ಲಿ ಯೆಮನ್‌ನಲ್ಲಿ ಜ್ವರ ಬಂದು ತೀರಿಹೋದ. ಜೊತೆಗಾರ ನೀಬೂರ್ ಆ ಟಿಪ್ಪಣಿಗಳನ್ನು ಜೋಪಾನ ಮಾಡಿ 1775ರಲ್ಲಿ ಪ್ರಕಟಿಸಿದ. ಫೋರ್ಸ್ಕಾಲ್ ಸಂಗ್ರಹಿಸಿದ ಮೀನುಗಳ ಚರ್ಮವನ್ನು ಒಣಗಿಸಿ, ಎಲೆಗಳ ಹಾಗೆ ಕಾಗದಕ್ಕೆ ಅಂಟಿಸಿಟ್ಟದ್ದು ಇಂದಿಗೂ ಕೋಪನ್‌ಹೇಗನ್ ಮ್ಯೂಸಿಯಂನಲ್ಲಿದೆ.

ಪ್ರಕಟವಾದ ಮೇಲೆ

ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಪಟ್ಟಿ ಹೊರಬಂದ ಆರು ತಿಂಗಳಿಗೆ ಒಬ್ಬ ಮೀನು ತಜ್ಞರಿಂದ ಇಮೇಲ್ ಬಂತು. 0212ರ ಮೀನಿನ ಗಾಳಿಚೀಲದ ಫೋಟೋ ಸಿಗಬಹುದೇ ಎಂದು ಕೇಳಿದ್ದರು. ಕಾಣೆ ಜಾತಿಯ ಮೀನುಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಗಾಳಿಚೀಲದ ಆಕಾರ ನೋಡಿದರೆ ಬೇರೆ ಬೇರೆ ಎಂದು ತಿಳಿಯುತ್ತದೆ. ಸಿಲ್ಲಾಗೊ ಇಂಡಿಕಾ ಎಂಬ ಪ್ರಭೇದಕ್ಕೆ ಹೆಸರು ಬಂದದ್ದು 1985ರಲ್ಲಿ. ನಮ್ಮ ಬಾಟಲಿ ತುಂಬಿದಾಗ ಆ ಹೆಸರೇ ಹುಟ್ಟಿರಲಿಲ್ಲ.

ಇಂಥ ಪತ್ರ ಬಂದರೆ ಹೀಗೆ ಮಾಡಿ. ವಾರದೊಳಗೆ ಉತ್ತರ ಬರೆಯಿರಿ. ಬಾಟಲಿಯಲ್ಲಿ ಒಂದಕ್ಕಿಂತ ಹೆಚ್ಚು ಮೀನಿದ್ದರೆ ಒಂದನ್ನು ಮಾತ್ರ ಬಲಬದಿಯಿಂದ ಕೊಯ್ಯಿರಿ. ಎಡಬದಿ ಫೋಟೋಗೆ ಹಾಗೇ ಉಳಿಯಲಿ. ತಜ್ಞರು ಬೇರೆ ಹೆಸರು ಹೇಳಿದರೆ ಹಳೇ ಚೀಟಿಯ ಪಕ್ಕ ಹೊಸ ಚೀಟಿ ಇಳಿಸಿ. ಯಾರು ಗುರುತಿಸಿದರು, ಯಾವ ವರ್ಷ ಎಂದು ಅದರಲ್ಲಿ ಬರೆಯಿರಿ. ಶೀಟಿನಲ್ಲಿ ಹೆಸರು ತಿದ್ದಿ, ಹಳೆಯ ಹೆಸರನ್ನು ‘ಹಿಂದಿನ ಗುರುತು’ ಎಂಬ ಕಾಲಮ್ಮಿಗೆ ಸರಿಸಿ. ಆಮೇಲೆ ಮತ್ತೆ ಪ್ರಕಟಿಸಿ. ಪಟ್ಟಿಯ ಡಿಒಐ ಅದೇ ಇರುತ್ತದೆ.

ನಾವು ಬಾಲ ಹರಿದ ಮೀನನ್ನು ಆರಿಸಿಕೊಂಡೆವು. ಲ್ಯಾಬಿನ ಅಟೆಂಡರ್ ಅಣ್ಣ ಟ್ರೇ ಹಿಡಿದರು, ಇಬ್ಬರು ಮಕ್ಕಳು ಲೈಟ್ ಹಿಡಿದರು. ಗಾಳಿಚೀಲ ತೆಳುವಾಗಿ, ಹಳದಿಯಾಗಿ, ಅರ್ಧ ಹರಿದು ಹೋಗಿತ್ತು. ಆದರೂ ಬುಡ ಉಳಿದಿತ್ತು. ಹನ್ನೆರಡು ಫೋಟೋ ತೆಗೆದು ಕಳಿಸಿದ್ದೇವೆ. ಉತ್ತರ ಬರುವವರೆಗೆ ಹೊಸ ಚೀಟಿಯ ಕಾಗದ ಕತ್ತರಿಸಿ, ರಿಜಿಸ್ಟರಿನೊಳಗೆ 0212ರ ಪುಟದಲ್ಲಿ ಇಟ್ಟಿದ್ದೇನೆ.